ಒಂದು ಬೈಗುಳಕ್ಕೆ ಇಡೀ ಬ್ಲಾಕು

ರಿಪೇರಿ ಅಂಗಡಿಯ ಚಿಪ್ಪಕ್ಕನಿಗೆ ಆ ಹೆಸರು ಸುಮ್ಮನೆ ಬಂದದ್ದಲ್ಲ. ಮೂವತ್ತು ವರ್ಷ ಮೆಮೊರಿ ಚಿಪ್ಪುಗಳ ಜೊತೆ ಏಗಿದವಳು! ಇವತ್ತು ಅವಳ ಮೇಜಿನ ಮೇಲಿದ್ದದ್ದು ಅಂಗೈಯಗಲದ ಮಾತಿನ ಪೆಟ್ಟಿಗೆ. ಎದುರಿಗೆ ನಿವೃತ್ತ ಮೇಷ್ಟ್ರು, ಅವರ ಹೆಂಡತಿ. ಗಂಟಲಿನ ಆಪರೇಷನ್ನಿಗೆ ಮುಂಚೆ ಮೇಷ್ಟ್ರು ತಮ್ಮ ದನಿಯಲ್ಲೇ ಇಪ್ಪತ್ತು ಮಾತು ಅದರಲ್ಲಿ ತುಂಬಿಸಿದ್ದರು. ಗುಂಡಿ ಒತ್ತಿದರೆ ಪೆಟ್ಟಿಗೆ ಮಾತಾಡುತ್ತದೆ. ಆ ದನಿ ಈಗ ಬೇರೆಲ್ಲೂ ಇಲ್ಲ.

"ಹತ್ತೊಂಬತ್ತು ಸರಿಯಾಗಿವೆ, ಬೈಯೋ ಗುಂಡಿ ಮಾತ್ರ ಸತ್ತಿದೆ," ಎಂದರು ಹೆಂಡತಿ.

"ಬೈಗುಳ ಹೋದ್ರೆ ಒಳ್ಳೇದೇ ಅಲ್ವಾ ಅಮ್ಮಾ?"

"ಮೂವತ್ತೆಂಟು ವರ್ಷ ಬೈಸ್ಕೊಂಡಿದೀನಿ ಕಣಮ್ಮ. ಈಗ ಮನೆ ಬಿಕೋ ಅನ್ನುತ್ತೆ."

ಚಿಪ್ಪಕ್ಕ ಪೆಟ್ಟಿಗೆಯನ್ನು ಕಂಪ್ಯೂಟರಿಗೆ ಜೋಡಿಸಿ, ಎಂದಿನಂತೆ ಮೊದಲು ನಕಲು ತೆಗೆದಳು. ಬೈಗುಳ ಒಳಗೇ ಇತ್ತು; ಅದು ಎಲ್ಲಿದೆ ಎಂದು ಹೇಳುವ ಒಂದು ಸಂಖ್ಯೆ ಕೆಟ್ಟಿತ್ತು, ಅಷ್ಟೇ. ಇದ್ಯಾವ ಮಹಾ ಎಂದು ಸರಿಯಾದ ಸಂಖ್ಯೆಯನ್ನು ಅದರ ಮೇಲೇ ಬರೆದಳು. ತಿರುಗಿ ಓದಿದರೆ ಅದೂ ಅಲ್ಲ, ಇದೂ ಅಲ್ಲ, ಮೂರನೆಯದೇ ಏನೋ ಕೂತಿದೆ!

ಹಣೆ ಚಚ್ಚಿಕೊಂಡಳು. "ಅಯ್ಯೋ ನನ್ನ ಬುದ್ಧಿಗಿಷ್ಟು! ಹಳೇ ಚಿಪ್ಪು ಅಂದ್ಕೊಂಡ್ಬಿಟ್ಟೆ. ಅದ್ರಲ್ಲಿ ಬೇಕಾದ ಒಂದನ್ನೇ ತಿದ್ದಬಹುದಿತ್ತು. ಇದು ಫ್ಲ್ಯಾಶು; ಅಳಿಸದೆ ಮೇಲೇ ಬರೆದ್ರೆ ಹಳೇದೂ ಹೊಸದೂ ಕಲಸಿಹೋಗುತ್ತೆ. ಒಂದನ್ನ ತಿದ್ದೋಕೂ ಅದಿರೋ ಇಡೀ ಬ್ಲಾಕ್, ಅಂದ್ರೆ ಆ ಭಾಗಾನೇ ಅಳಿಸಿ, ಎಲ್ಲಾ ಮತ್ತೆ ಬರೀಬೇಕು. ಈ ಸಂಖ್ಯೆ, ಇಪ್ಪತ್ತು ಮಾತು, ಎಲ್ಲಾ ಒಂದೇ ಬ್ಲಾಕಲ್ಲಿವೆ."

"ಅಂದ್ರೆ ಇರೋ ಹತ್ತೊಂಬತ್ತೂ..." ಹೆಂಡತಿ ಪೆಟ್ಟಿಗೆಯತ್ತ ಕೈ ಚಾಚಿದರು.

"ಅಳಿಸ್ತೀನಿ. ನಕಲಿದೆ, ಹೆದರಬೇಡಿ."

ಹಾಗೆಂದವಳೇ ನಕಲನ್ನು ಚಿಪ್ಪಿನ ಜೊತೆ ತಾಳೆ ನೋಡಿದಳು. ವ್ಯತ್ಯಾಸ ಇದ್ದದ್ದು ತಾನು ಈಗ ಕೆಡಿಸಿದ ಜಾಗದಲ್ಲಿ ಮಾತ್ರ. ನಕಲಿನಲ್ಲಿ ಆ ಸಂಖ್ಯೆಯನ್ನು ಸರಿಮಾಡಿ ಮೇಷ್ಟ್ರ ಮುಖ ನೋಡಿದಳು. ಅವರು ಒಂದು ಗುಂಡಿ ಒತ್ತಿದರು.

"ಹೂಂ, ನಡೀಲಿ," ಎಂದಿತು ಪೆಟ್ಟಿಗೆ.

ಅಳಿಸಿದಳು. ಹೆಂಡತಿ ತಡೆಯಲಾರದೆ ಒಂದು ಗುಂಡಿ ಒತ್ತಿದರು, ಇನ್ನೊಂದು ಒತ್ತಿದರು. ಪೆಟ್ಟಿಗೆ ಉಸಿರೆತ್ತಲಿಲ್ಲ. ಅವರು ಗಂಡನ ತೋಳು ಗಟ್ಟಿಯಾಗಿ ಹಿಡಿದುಕೊಂಡರು. ಚಿಪ್ಪಕ್ಕ ಎಲ್ಲವನ್ನೂ ಮತ್ತೆ ಬರೆದು, ಓದಿಸಿ, ತಾಳೆಯಾದ ಮೇಲೆ ತಂತಿ ಬಿಚ್ಚಿದಳು.

"ಈಗ ಬೈರಿ ಮೇಷ್ಟ್ರೇ."

ಮೇಷ್ಟ್ರು ಒತ್ತಿದರು. "ಸಾಕು ಸುಮ್ನಿರೇ, ತಲೆ ತಿನ್ಬೇಡ!"

ಹೆಂಡತಿಯ ಕಣ್ಣಲ್ಲಿ ನೀರು ಧಾರಾಕಾರ. "ಸುಮ್ನಿರಲ್ಲ," ಎಂದರು, "ಏನ್ಮಾಡ್ತೀರೋ ಮಾಡ್ಕೊಳ್ಳಿ."

ಮೇಷ್ಟ್ರು ನಗುತ್ತ ಮತ್ತೆ ಅದನ್ನೇ ಒತ್ತಿದರು.