ಜಗುಲಿಯ ಮೇಲೆ ನಾಲ್ವರು ಸಾಹುಕಾರರು

ಮೆಂಫಿಸ್‌ನಲ್ಲಿ ಟೈರ್ ಮಾರುತ್ತಿದ್ದ ಕ್ವಿಂಟನ್ ಮೇಬ್ರಿ ಒಂದು ಶನಿವಾರ ಹೋಟೆಲಿನ ಸಭಾಂಗಣದಲ್ಲಿ ಗುರುವೊಬ್ಬನ ಮುಂದೆ ಕೂತು, ಕೈ ಕೆಸರಾಗದೆ ಬಾಯಿ ಮೊಸರಾಗುವ ವಿದ್ಯೆ ಕಲಿತು ಬಂದ. ಪಾಳುಬಿದ್ದ ಮನೆ ಹುಡುಕಬೇಕು. ಒಡೆಯರಿಂದ ಅಗ್ಗದ ಬೆಲೆಗೆ ಕರಾರು ಬರೆಸಿಕೊಳ್ಳಬೇಕು. ದುಡ್ಡು ಕಟ್ಟುವ ಗಡುವು ಬರುವ ಮೊದಲೇ ಆ ಕರಾರನ್ನು ಹೂಡಿಕೆದಾರನೊಬ್ಬನಿಗೆ ದಾಟಿಸಿ, ನಡುವಿನ ಲಾಭವನ್ನು ಜೇಬಿಗಿಳಿಸಬೇಕು.

"ಮನೆ ನಿಂದಲ್ಲ, ದುಡ್ಡೂ ನಿಂದಲ್ಲ. ಮತ್ತೆ ನಿಂದು ಅಂತ ಏನಿದೆ ಇದ್ರಲ್ಲಿ?" ಹೆಂಡತಿ ರೊಶೆಲ್ ಕೇಳಿದಳು.

"ತಲೆ," ಎಂದ ಕ್ವಿಂಟನ್.

"ಇಷ್ಟು ದಿನ ಎಲ್ಲಿಟ್ಟಿದ್ದೆ?"

ಅವನು 'ಹಳೆ ಮನೆ ಕೊಳ್ಳುತ್ತೇವೆ, ತಕ್ಷಣ ನಗದು' ಎಂದು ಫಲಕ ಬರೆಸಿ, ತನ್ನ ಫೋನ್ ನಂಬರು ಹಾಕಿಸಿ ಕಂಬಕಂಬಕ್ಕೂ ಹೊಡೆದ.

ಸಿಕ್ಕಿದ್ದು ಅರ್ನೆಸ್ಟೀನ್ ಎಂಬ ಮುದುಕಿಯ ಮನೆ. ಬದುಕಿದ್ದಾಗ ಅವಳಿಗೆ ಕಂಡರಾಗದ ಮೈದುನ ಸತ್ತು ಅದನ್ನು ಅವಳ ಕೊರಳಿಗೆ ಕಟ್ಟಿ ಹೋಗಿದ್ದ. ಮಾಡು ಕುಸಿದಿತ್ತು, ಗೋಡೆಯನ್ನು ಕಾಡುಬಳ್ಳಿ ನುಂಗಿತ್ತು, ಅಡುಗೆಮನೆಯಲ್ಲಿ ರಕೂನು ಎಂಬ ಕಾಡುಬೆಕ್ಕಿನಂಥ ಪ್ರಾಣಿಗಳು ಸಂಸಾರ ಹೂಡಿದ್ದವು. ಮಾರುವವರ ಮುಂದೆ ಮರುಕದ ಮುಖ ಮಾಡಬೇಕೆಂದು ಗುರು ಹೇಳಿಕೊಟ್ಟಿದ್ದರಿಂದ ಕ್ವಿಂಟನ್ ಹುಬ್ಬು ಗಂಟಿಕ್ಕಿ ಅವಳ ಕೈ ಹಿಡಿದುಕೊಂಡ.

"ಹೊಟ್ಟೆನೋವಾ ಮಗಾ?" ಎಂದಳು ಮುದುಕಿ.

"ಇಲ್ಲ ಅರ್ನೆಸ್ಟೀನಮ್ಮ, ನಿಮ್ಮ ಕಷ್ಟ ನೋಡಿ..."

"ನಂಗೇನು ಕಷ್ಟ? ಮನೆಗೆ ಕಷ್ಟ. ಎಲ್ಲಿ, ಸಹಿ ಎಲ್ಲಿ ಹಾಕಲಿ? ಒಳಗಿರೋ ಕಸ, ಪ್ರಾಣಿ ಎಲ್ಲಾ ನಿನ್ನ ಪಾಡು."

ಇಷ್ಟು ಸುಲಭವೇ ಎಂದು ಕ್ವಿಂಟನ್ ಬೀಗಿದ. ಹೂಡಿಕೆದಾರನೂ ತಡಮಾಡದೆ ಸಿಕ್ಕ. ಮಿರಮಿರ ಮಿಂಚುವ ಬೂಟಿನ ಪ್ರೆಸ್ಟನ್ ಲೈಲ್ ಕರಾರನ್ನು ಕೊಳ್ಳಲು ಒಪ್ಪಿ, "ಒಳಗೆ ಕಾಲಿಡೋಕೆ ಜಾಗ ಮಾಡಿಡಪ್ಪ, ನನ್ನ ಪಾಲುದಾರರು ನೋಡ್ಬೇಕು," ಎಂದ. ಸಾಹುಕಾರನ ಮಾತು. ಕ್ವಿಂಟನ್ ರಜೆ ಹಾಕಿ ಬಳ್ಳಿ ಕಡಿದ, ಕೊಳೆತ ಹಾಸಿಗೆಗಳನ್ನು ಹೊತ್ತು ಹಾಕಿದ, ರಕೂನುಗಳನ್ನು ಬೋನಿಟ್ಟು ಹಿಡಿದ. ಅವುಗಳಲ್ಲೊಂದು ಮುಂಗೈಗೆ ಕಚ್ಚಿದ್ದರಿಂದ ಆಸ್ಪತ್ರೆಗೆ ಹೋಗಿ ಸೂಜಿ ಚುಚ್ಚಿಸಿಕೊಳ್ಳಬೇಕಾಯಿತು.

ಗಡುವಿನ ದಿನ ರೊಶೆಲ್ ಕೂಡ ಒಳ್ಳೆಯ ಓಲೆ ತೊಟ್ಟು ಜೊತೆಗೆ ಬಂದಳು. ಪ್ರೆಸ್ಟನ್ ತನ್ನ ಪಾಲುದಾರನನ್ನು ಕರೆತಂದಿದ್ದ. ಆ ಪಾಲುದಾರನ ಬೆನ್ನಿಗೆ ಇನ್ನೊಬ್ಬನಿದ್ದ. ಮೂವರೂ ಜಗುಲಿಯ ಮೇಲೆ ಕ್ವಿಂಟನ್ನನ ಪಕ್ಕ ಸಾಲಾಗಿ ನಿಂತು, ಮನೆಗೆ ಒಳ್ಳೆಯ ಭವಿಷ್ಯವಿದೆ ಎಂದು ತಲೆದೂಗಿದರು. ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದ ಅರ್ನೆಸ್ಟೀನ್ ಕೇಳಿದಳು: "ಅದೆಲ್ಲಾ ಸರಿ. ನಿಮ್ಮಲ್ಲಿ ದುಡ್ಡು ಯಾರತ್ರ ಇದೆ?"

ಕ್ವಿಂಟನ್ ಪ್ರೆಸ್ಟನ್ನನ ಮುಖ ನೋಡಿದ. ಪ್ರೆಸ್ಟನ್ ಪಾಲುದಾರನ ಮುಖ ನೋಡಿದ. ಪಾಲುದಾರ ಕೊನೆಯವನ ಕಡೆ ತಿರುಗಿದ. ಎಲ್ಲರೂ ಕರಾರನ್ನು ಒಬ್ಬರಿಂದೊಬ್ಬರಿಗೆ ದಾಟಿಸಿದವರೇ, ಅದೇ ಗುರುವಿನ ಶಿಷ್ಯರೇ.

"ಒಂದ್ನಿಮಿಷ," ಎಂದ ಕೊನೆಯವನು. "ನಗದು ಕೊಡೋ ಪಾರ್ಟಿ ನಂಬರು ಇವತ್ತು ಬೆಳಿಗ್ಗೆ ತಾನೇ ಕಂಬದ ಮೇಲೆ ನೋಡ್ಕೊಂಡೆ." ಅವನು ನಂಬರು ಒತ್ತಿದ.

ಕ್ವಿಂಟನ್ನನ ಜೇಬಿನಲ್ಲಿ ಫೋನ್ ಬಡಿದುಕೊಳ್ಳತೊಡಗಿತು.

ಮೊದಲು ನಕ್ಕವಳು ರೊಶೆಲ್. ಸೆರಗಿಲ್ಲದ ಉಡುಪಿನಲ್ಲಿ ಬಾಯಿ ಮುಚ್ಚಿಕೊಳ್ಳಲು ಏನೂ ಸಿಗದೆ ಕೈಚೀಲವನ್ನೇ ಒತ್ತಿಕೊಂಡು ನಕ್ಕಳು. ಸಾಹುಕಾರರು ಒಬ್ಬೊಬ್ಬರಾಗಿ ಕಾರು ಹತ್ತಿದರು.

ಸಂಜೆ ಗಡುವು ಮುಗಿಯುತ್ತಲೇ ಅರ್ನೆಸ್ಟೀನ್ ಮನೆಯನ್ನು ಪಕ್ಕದ ಮನೆಯ ಹಾಲಿಸ್‌ಗೆ ಕೊಡುವ ಮಾತಾಡಿದಳು. ಮಗಳಿಗೆಂದು ಅವನಿಗೆ ಅದರ ಮೇಲೆ ಎಂದಿನಿಂದಲೋ ಕಣ್ಣಿತ್ತು. ಒಳಗಿನ ಗಲೀಜಿಗೆ ಹೆದರಿ ಸುಮ್ಮನಿದ್ದನಷ್ಟೆ.

"ಹಿಂಗಾಗುತ್ತೆ ಅಂತ ನಿಮ್ಗೆ ಮೊದಲೇ ಗೊತ್ತಿತ್ತಾ ಅಮ್ಮ?" ಎಂದು ಕ್ವಿಂಟನ್ ನೊಂದು ಕೇಳಿದ.

"ನಂಗೇನು ಗೊತ್ತು? ದುಡ್ಡು ಕೊಟ್ಟಿದ್ರೆ ನಿಂಗೇ ಕೊಡ್ತಿದ್ದೆ."

ಹಾಲಿಸ್ ಒಳಗೆಲ್ಲ ಸುತ್ತಿ ಬಂದು ಮೆಚ್ಚಿ ನುಡಿದ: "ಎಷ್ಟು ಚೊಕ್ಕ ಮಾಡಿದೀಯ ಮಾರಾಯ. ನಮ್ಮತ್ತೆ ಮನೆ ಗ್ಯಾರೇಜೂ ಹಿಂಗೇ ಇದೆ. ಏನು ತಗೋತೀಯ?"

ಕ್ವಿಂಟನ್ ಕಾಲರು ಸರಿಮಾಡಿಕೊಂಡ. "ನಾನು ಹೂಡಿಕೆ ವ್ಯವಹಾರದಲ್ಲಿರೋನು. ಆ ಥರ ಕೆಲಸ..."

"ಶನಿವಾರ ಬರ್ತಾನೆ," ಎಂದು ರೊಶೆಲ್ ಮಧ್ಯೆ ಬಾಯಿ ಹಾಕಿದಳು. "ಕಸಕ್ಕೊಂದು ರೇಟು, ರಕೂನಿಗೆ ಬೇರೆ ರೇಟು. ಮುಂಗಡ ಕೊಡ್ಬೇಕು, ಅದೂ ನಿಮ್ಮ ಸ್ವಂತ ಜೇಬಿಂದ್ಲೇ."