ನಕ್ಕೋತ ಕೇಳಿದ್ದು

ಡೀಟರ್ ಒದ್ದೆ ಕರವಸ್ತ್ರವನ್ನು ಜಮಖಾನೆಯ ಮೇಲೆ ಉಜ್ಜಿ ಎಲ್ಲರೆದುರು ಎತ್ತಿ ಹಿಡಿದ. ಬಿಳಿ ಬಟ್ಟೆ ಕೆಂಪಾಗಿತ್ತು. ಜಮಖಾನೆ ಕೊಳ್ಳುವ ಕಂಪನಿಯ ಪರವಾಗಿ ಜರ್ಮನಿಯಿಂದ ನವಲಗುಂದದವರೆಗೆ ಬಂದಿದ್ದವನು ಇಂಗ್ಲಿಷಿನಲ್ಲಿ ಎರಡೇ ಮಾತು ಹೇಳಿದ.

"ಏನಂದಾ?" ಜೈನಬಿ ಸೊಸೆಯನ್ನು ಕೇಳಿದಳು.

ನಾಜಮೀನ್ ತಲೆ ತಗ್ಗಿಸಿದಳು. "ಬಣ್ಣ ಕೆಟ್ಟೈತಂತ. ಎಂಟೂ ಒಯ್ಯಂಗಿಲ್ಲಂತ."

ಮೂರು ತಿಂಗಳು ಅತ್ತೆ ಸೊಸೆ ಕೂಡಿ ನೇಯ್ದ ಎಂಟು ಜಮಖಾನೆಗಳು. ಜೈನಬಿಯ ಸಿಟ್ಟು ತಿರುಗಿದ್ದು ಡೀಟರನ ಕಡೆಗಲ್ಲ, ಅವನ ಪಕ್ಕದಲ್ಲಿದ್ದ ಲಾನ್ ಕಡೆಗೆ. ಅದೇ ಕಂಪನಿಯ ವಿಯೆಟ್ನಾಂ ಹೆಣ್ಣುಮಗಳು. ವಾರಕ್ಕೊಮ್ಮೆ ವಿಡಿಯೋ ಕಾಲ್‌ನಲ್ಲಿ ನೇಯ್ಗೆ ನೋಡಿ ನಗುತ್ತಿದ್ದವಳು. ಈಗಲೂ ನಗುತ್ತಲೇ ಇದ್ದಳು.

"ಅಂವ ಮಾರಿಮ್ಯಾಲೆ ಅಂದ, ಛಲೋ ಆತು. ಈಕಿ ಯಾಕ ಮೂರು ತಿಂಗಳು ಹಲ್ಲು ಕಿಸದ್ಲು? ಕೇಳು!"

ನಾಜಮೀನ್ ಕೇಳಿದಳು. ಲಾನ್ ಮೆಲ್ಲಗೆ ಉತ್ತರಿಸಿದಳು. ಅದನ್ನು ಅತ್ತೆಗೆ ಹೇಳಲು ನಾಜಮೀನಳ ನಾಲಿಗೆ ಏಳಲಿಲ್ಲ.

"ಬೊಗಳು."

"ಬ್ಯಾರೆ ಕೆಂಪು ಸಿಗತೈತೇನು ಅಂತ ಮೂರು ಸಲ ಕೇಳಿದ್ನಲ್ಲಾ ಅಂತಾಳ್ರಿ. ಅವರ ಕಡೆ ಬ್ಯಾಡ ಅನ್ನೂದು ಹಂಗಂತ."

"ಮೂರು ಸಲ! ನನ್ನ ಮುಂದ ಒಮ್ಮೆರ ಅಂದ್ಯಾ ನೀ? ಚಂದೈತಿ ಅಂತಾರ, ಚಂದೈತಿ ಅಂತಾರ ಅಂತಿದ್ದಿ!"

"ನಕ್ಕೋತ ಕೇಳಿದ್ಲ್ರಿ ಅಮ್ಮಾ. ಅದರ ಮ್ಯಾಲೆ ನೂಲಿಗೆ ಬಣ್ಣ ಹಾಕಿದವರು ನೀವು. ನಿಮ್ಮ ಕೆಲಸಕ್ಕ ಹೆಸರಿಡಾಕ ಆಗಲಿಲ್ಲ."

"ಎಂಟು ವರ್ಷಾತು ಈ ಮನಿಗೆ ಬಂದು. ಬ್ಯಾಡ ಅನ್ನಾಕ ಬಾಯಿ ಇಲ್ಲೇನು ನಿನಗ?"

"ಅನ್ನಾಕ ಬಿಟ್ಟೀರೇನ್ರಿ ನೀವು?" ನಾಜಮೀನಳ ದನಿ ಒಮ್ಮೆಲೇ ಏರಿತು. "ಒಂದ ದಿನ ಬಿಟ್ಟೀರೇನ್ರಿ?"

ಇದುವರೆಗೆ ಆ ಮನೆಯಲ್ಲಿ ಯಾರೂ ಅವಳ ಗಟ್ಟಿ ದನಿ ಕೇಳಿರಲಿಲ್ಲ. ಏನಾಯಿತೆಂದು ಕೇಳಲು ಡೀಟರ್ ಬಾಯಿ ತೆರೆದ. ಲಾನ್ ಅವನ ತೋಳು ಮುಟ್ಟಿ ಸುಮ್ಮನಾಗಿಸಿದಳು. ಅವಳ ಮುಖದಲ್ಲಿ ಈಗ ನಗುವಿರಲಿಲ್ಲ.

ಜೈನಬಿ ಸೊಸೆಯನ್ನು ದಿಟ್ಟಿಸಿದಳು. ಆಮೇಲೆ ತಟ್ಟನೆ ಬೆನ್ನು ತಿರುಗಿಸಿ ಮಗ್ಗದ ಮುಂದೆ ಕುಳಿತಳು. ಒಂಬತ್ತನೆಯದು ಅಲ್ಲಿ ಅರ್ಧ ನೇಯ್ದಾಗಿತ್ತು.

"ಎಂಥಾ ಬಣ್ಣ ಬೇಕು, ಎಷ್ಟು ದಿನ ಕೊಡ್ತಾನ, ಕೇಳು. ಅಂವ ಅಂದದ್ದನ್ನ ಅಂದಂಗ ಹೇಳು. ಒಂದಕ್ಷರ ನುಂಗಬ್ಯಾಡ."

ಡೀಟರ್ ಬಹಳ ಹೊತ್ತು ಮಾತಾಡಿದ. ನೀರಿಗೆ ಬಿಡದ ಬಣ್ಣ, ಎರಡೇ ತಿಂಗಳು, ಇನ್ನೊಮ್ಮೆ ಕೆಟ್ಟರೆ ವ್ಯವಹಾರವೇ ಇಲ್ಲ. ನಾಜಮೀನ್ ತಲೆಯೆತ್ತಿ ಒಂದೊಂದನ್ನೂ ಒದರಿದಂತೆ ಹೇಳುತ್ತ ಹೋದಳು.

ಜೈನಬಿ ತಿರುಗಿ ನೋಡಲಿಲ್ಲ. ಅರ್ಧ ನೇಯ್ದ ಜಮಖಾನೆಯಿಂದ ಕೆಂಪು ಎಳೆಗಳನ್ನು ಜಗ್ಗಿ ಬಿಚ್ಚುತ್ತಿದ್ದಳು. ಸುಕ್ಕುಗಟ್ಟಿದ ನೂಲು ಅವಳ ಮಡಿಲು ತುಂಬಿ ನೆಲಕ್ಕಿಳಿಯುತ್ತಿತ್ತು.