ಅಜ್ಜಿ ಸಾಯುವ ಅಧ್ಯಾಯ

ಕಾದಂಬರಿ ಸ್ಪರ್ಧೆಗೆ ಮರುದಿನದ ಅಂಚೆಯೇ ಕೊನೆ. ಶಿಡ್ಲಘಟ್ಟದ ಹೈಸ್ಕೂಲು ಟೀಚರ್ ಗೌತಮಿ ಕಾದಂಬರಿ ಬರೆಯುವ ಸಾಫ್ಟ್‌ವೇರಿನಲ್ಲಿ ದೃಶ್ಯಗಳನ್ನು ಇಸ್ಪೀಟೆಲೆಯಂತೆ ಎತ್ತಿ ಎತ್ತಿ ಇಡುತ್ತ, ಗಟ್ಟಿಯಾಗಿ ಓದಿಕೊಳ್ಳುತ್ತಿದ್ದಳು. ಆರಂಭ ಸಪ್ಪೆಯೆನಿಸಿ, ಹನ್ನೆರಡನೇ ಅಧ್ಯಾಯದಲ್ಲಿ ಸಾಯಬೇಕಿದ್ದ ಅಜ್ಜಿಯನ್ನು ಮೂರರಲ್ಲೇ ಸಾಯಿಸಿದ್ದಳು.

ಪಕ್ಕದಲ್ಲಿ ರೇಷ್ಮೆಗೂಡು ಆರಿಸುತ್ತಿದ್ದ ಅತ್ತೆ ಕೊಂಡಮ್ಮ ತಲೆಯೆತ್ತಿದರು. "ನಾಲ್ಕರಲ್ಲಿ ಮೊಮ್ಮಗನ ಮದುವೆ ಐತಲ್ಲಮ್ಮ. ಸೂತಕದಲ್ಲಿ ಯಾರು ತಾಳಿ ಕಟ್ತಾರೆ?"

ಗೌತಮಿ ಅಜ್ಜಿಯ ಸಾವನ್ನು ಹನ್ನೆರಡಕ್ಕೆ ಎಳೆದಳು, ಮತ್ತೆ ಮೂರಕ್ಕೆ ತಂದಳು. ಅಜ್ಜಿಯನ್ನು ಬದುಕಿಸಿದರೆ ಆರಂಭ ಮತ್ತೆ ಸಪ್ಪೆ.

"ಅದಕ್ಯಾಕೆ ಒದ್ದಾಡ್ತೀಯ? ನಡುವೆ ಒಂದು ಸೀನು ಹಾಕು. ಧಾರೆ ಮುಗಿಯೋಗಂಟ ಸಾವಿನ ಸುದ್ದಿ ಮುಚ್ಚಿಡ್ತಾರೆ ಅಂತ. ನಿನ್ ಮದುವೇಲಿ ನಾವು ಮುಚ್ಚಿಡ್ಲಿಲ್ವಾ?"

ಮುಹೂರ್ತಕ್ಕೆ ಮುಂಚೆ, ಗಂಡನ ಅಜ್ಜಿಯ ಕಾಲಿಗೆ ಕಂಬಳಿಯ ಮೇಲಿಂದಲೇ ನಮಸ್ಕರಿಸಿದ್ದು ಗೌತಮಿಗೆ ನೆನಪಾಯಿತು.

"ಮಲಗಿದಾರೆ, ಎಬ್ಬಿಸ್ಬೇಡ ಅಂದ್ರಲ್ಲತ್ತೆ?"

"ಎಬ್ಬಿಸಿದ್ರೆ ಏಳ್ತಿದ್ರಾ?" ಎಂದು ಕೊಂಡಮ್ಮ ಕೆಟ್ಟ ಗೂಡೊಂದನ್ನು ಪಕ್ಕಕ್ಕೆ ಹಾಕಿದರು.

ಗೌತಮಿ ಹೊಸ ದೃಶ್ಯ ತೆರೆದಳು. ಯಾರ ಕಣ್ಣಿನಿಂದ ಹೇಳುವುದೆಂದು ಸಾಫ್ಟ್‌ವೇರು ಕೇಳಿತು. ಮದುಮಗಳ ಹೆಸರು ಹಾಕಿದಳು, ಅಳಿಸಿದಳು, ಅತ್ತೆಯ ಪಾತ್ರದ ಹೆಸರು ಹಾಕಿದಳು.

"ಆವತ್ತು ಬೆಳಿಗ್ಗೆ ಅಜ್ಜೀನ ಮೊದಲು ನೋಡಿದ್ದು ಯಾರು ಅತ್ತೆ?"

ಕೊಂಡಮ್ಮನ ಕೈ ಗೂಡಿನ ರಾಶಿಯಲ್ಲೇ ಉಳಿಯಿತು. "ನಾನೇ," ಎಂದರು.